ರಗ್ಬಿಗೆ ಸೇರಿಸೋ ಮುಂಚೆ ಗೆರೆ ಆಚೆ ನಿಂತವರನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಮಗನನ್ನು ರಗ್ಬಿಗೆ, ಅಂದರೆ ಚೆಂಡು ಕೈಯಲ್ಲಿ ಹಿಡಿದು ಓಡುವ, ಓಡುವವರನ್ನು ಹಿಡಿದು ಕೆಡವುವ ಆಟಕ್ಕೆ, ಸೇರಿಸಬೇಕಾ ಬೇಡವಾ ಅಂತ ಚಿತ್ರದುರ್ಗದ ಅಕ್ಕ ಮೊನ್ನೆ ಗುಂಪಿನಲ್ಲಿ ಕೇಳಿದ ಪ್ರಶ್ನೆ, ಅದಕ್ಕೆ ಬಂದ ಉತ್ತರ ಎಲ್ಲ ಓದಿದೆ. ಅವರ ಮಗನಿಗೆ ಎಂಟು ವರ್ಷ, ಸೆಪ್ಟೆಂಬರಿಗೆ ಶಾಲೆಯಲ್ಲಿ ಇಯರ್ ಫೋರ್. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅವನ ಕ್ಲಾಸಿನ ಹುಡುಗರು ಭಾನುವಾರ ಬೆಳಿಗ್ಗೆ ರಗ್ಬಿಗೆ ಹೋಗುತ್ತಾರೆ, ಇವನೂ ಹಟ ಹಿಡಿದಿದ್ದಾನೆ. ದುರ್ಗದಲ್ಲಿ ಅತ್ತೆ ಮಾವ ಯೂಟ್ಯೂಬಿನಲ್ಲಿ ದೊಡ್ಡವರ ಪಂದ್ಯ ನೋಡಿ ಗಾಬರಿಯಾಗಿದ್ದಾರೆ. ಗುಂಪಿನಲ್ಲಿ ಕೆಲವರು "ಬೇಡವೇ ಬೇಡ, ಹುಡುಗ ಒರಟಾಗ್ತಾನೆ" ಅಂದಿದ್ದೀರಿ. ಇನ್ನು ಕೆಲವರು "ಸೇರಿಸಿ, ಶಿಸ್ತು ತಾನಾಗೇ ಬರುತ್ತೆ" ಅಂದಿದ್ದೀರಿ. ನನಗೆ ಎರಡೂ ಪೂರ್ತಿ ಸರಿ ಅನ್ನಿಸಲಿಲ್ಲ. ನಮ್ಮ ಇಬ್ಬರು ಮಕ್ಕಳೂ ಚಿಕ್ಕಂದಿನಿಂದ ಆಡುತ್ತಿದ್ದಾರೆ, ನಾನು ಕ್ಲಬ್ಬಿನಲ್ಲಿ ಫಸ್ಟ್ ಏಡ್ ನೋಡಿಕೊಳ್ಳುತ್ತೇನೆ. ಈಗ ರಜೆಗೆ ದಾವಣಗೆರೆಯಲ್ಲಿ ಅಮ್ಮನ ಮನೆಯಲ್ಲಿದ್ದೇನೆ, ಬಿಡುವಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅತ್ತೆ ಮಾವನ ಭಯದ ವಿಷಯ. ಟೀವಿಯಲ್ಲಿ ಕಾಣುವ ಆಟ ಬೇರೆ, ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳು ಆಡುವ ಆಟ ಬೇರೆ. ಅಂಡರ್ ಸೆವೆನ್, ಅಂಡರ್ ಏಟ್ ಹಂತದಲ್ಲಿ ಯಾರನ್ನೂ ಹಿಡಿದು ಬೀಳಿಸುವ ಹಾಗೇ ಇಲ್ಲ. ಸೊಂಟದ ಬೆಲ್ಟಿಗೆ ಎರಡು ಪಟ್ಟಿ ನೇತಾಡುತ್ತಿರುತ್ತವೆ. ಚೆಂಡು ಹಿಡಿದು ಓಡುವ ಮಗುವಿನ ಒಂದು ಪಟ್ಟಿ ಕಿತ್ತು, ಕೈ ಎತ್ತಿ "ಟ್ಯಾಗ್" ಅಂತ ಕೂಗಬೇಕು. ಆಮೇಲೆ ಆಗುವುದೇ ನನಗೆ ತುಂಬ ಇಷ್ಟ. ಕಿತ್ತವರೇ ಆ ಪಟ್ಟಿಯನ್ನು ಎದುರಾಳಿಗೆ ವಾಪಸ್ ಕೊಡಬೇಕು. ಕೊಡುವ ತನಕ ಆಟಕ್ಕೆ ಮತ್ತೆ ಸೇರುವ ಹಾಗಿಲ್ಲ. ಆರು ವರ್ಷದ ಮಕ್ಕಳು ಚಳಿಯಲ್ಲಿ ಮೂಗು ಸುರಿಸಿಕೊಂಡು, ಕೆಸರಾದ ಕೈಯಲ್ಲಿ ಆ ಪಟ್ಟಿ ಹಿಡಿದು ಎದುರಿನವನಿಗೆ ಚಾಚುವುದನ್ನು ನೀವು ನೋಡಬೇಕು. ಕೆಲವರು ನೆಲಕ್ಕೆ ಎಸೆದು ಓಡಿಬಿಡುತ್ತಾರೆ. ಒಳ್ಳೆಯ ರೆಫ್ರಿ ಆದರೆ ಅವನನ್ನು ವಾಪಸ್ ಕರೆದು, ಪಟ್ಟಿ ಎತ್ತಿಸಿ, ಕೈಗೇ ಕೊಡಿಸುತ್ತಾರೆ. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಕೊಡಿಸುತ್ತಾರೆ ಅಷ್ಟೇ. ಮಕ್ಕಳಿಗೆ ಅದು ಅಭ್ಯಾಸ ಆಗಿಬಿಡುತ್ತದೆ.

ಅಂಡರ್ ನೈನ್‌ನಿಂದ ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ತಬ್ಬಿ ಕೆಡವುವುದು, ಶುರು. ಅಕ್ಕ, ನಿಮ್ಮ ಮಗ ಸರಿಯಾಗಿ ಆ ವರ್ಷಕ್ಕೇ ಸೇರುತ್ತಿದ್ದಾನೆ, ಹಾಗಾಗಿ ಇದನ್ನು ಗಮನವಿಟ್ಟು ಓದಿ. ಇಂಗ್ಲೆಂಡಿನ ಕ್ಲಬ್ ಆಟದಲ್ಲಿ 2023ರ ಜುಲೈಯಿಂದ ಎದೆಮೂಳೆಯ ಕೆಳತುದಿಗಿಂತ ಮೇಲೆ ಟ್ಯಾಕಲ್ ಮಾಡುವಂತಿಲ್ಲ. ತಲೆಗೆ ಪೆಟ್ಟು ಕಡಿಮೆ ಆಗಲಿ ಅಂತ ತಂದ ನಿಯಮ ಅದು. ಕಾಲು ಅಡ್ಡ ಕೊಟ್ಟು ಕೆಡವಿದರೆ ತಪ್ಪು, ಕುತ್ತಿಗೆಗೆ ಕೈ ಹಾಕಿದರೆ ತಪ್ಪು, ಎರಡೂ ತೋಳಿನಿಂದ ತಬ್ಬದೆ ಬರೀ ಭುಜದಿಂದ ಗುದ್ದಿದರೂ ತಪ್ಪು. ಬೀಳುವುದು ಹೇಗೆ, ತಲೆ ಯಾವ ಕಡೆ ಇಡಬೇಕು ಅನ್ನುವುದನ್ನು ಮೊದಲು ಹೇಳಿಕೊಟ್ಟು ಆಮೇಲೆ ಪಂದ್ಯಕ್ಕೆ ಇಳಿಸಿ ಅಂತ ಕೋಚ್ ಹತ್ತಿರ ಕೇಳಿ. ಸಂಕೋಚ ಬೇಡ.

ಈಗ ನಡತೆಯ ವಿಷಯ. ಇಲ್ಲಿ ಹೈಸ್ಕೂಲ್ ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುವುದನ್ನು ಮೊನ್ನೆ ನೋಡುತ್ತಿದ್ದೆ. ವಿನಯ್ ಕುಮಾರ್ ಊರಲ್ಲವೇ ನಮ್ಮದು, ಆಟ ಚೆನ್ನಾಗಿಯೇ ಆಡುತ್ತಾರೆ. ಆದರೆ ಒಂದು ರನ್ ಔಟ್ ಆಯಿತು ಅಂದರೆ ಸಾಕು, ಎಲ್ಲರೂ ಅಂಪೈರ್ ಹುಡುಗನನ್ನು ಮುತ್ತಿಕೊಳ್ಳುತ್ತಾರೆ. ಯಾರ ದನಿ ಜೋರೋ ಅವರದೇ ತೀರ್ಪು. ರಗ್ಬಿಯಲ್ಲಿ ಅದು ನಡೆಯಲ್ಲ. ರೆಫ್ರಿ ಹತ್ತಿರ ಮಾತಾಡುವುದು ಕ್ಯಾಪ್ಟನ್ ಮಾತ್ರ, ಅದೂ "ಸರ್" ಅಂತ ಕರೆದು. ಉಳಿದವರು ತಗಾದೆ ತೆಗೆದರೆ, ಎದುರು ತಂಡಕ್ಕೆ ಸಿಕ್ಕ ಪೆನಾಲ್ಟಿ ಜಾಗವನ್ನು ಇನ್ನೂ 10 ಮೀಟರ್ ಮುಂದಕ್ಕೆ ಹಾಕುತ್ತಾರೆ. ದೊಡ್ಡವರ ಆಟದಲ್ಲಿ ಯೆಲ್ಲೋ ಕಾರ್ಡ್ ಬಿದ್ದರೆ 10 ನಿಮಿಷ ಹೊರಗೆ, ತಂಡ ಅಷ್ಟು ಹೊತ್ತು ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು. ಒಬ್ಬನ ಬಾಯಿಗೆ ತಂಡ ಪೂರ್ತಿ ದಂಡ ಕಟ್ಟುತ್ತದೆ. ಇದು ಇವತ್ತು ನಿನ್ನೆಯದಲ್ಲ. ಕೊವೆಂಟ್ರಿ ಪಕ್ಕದಲ್ಲೇ ಇರುವ ರಗ್ಬಿ ಊರಿನ ಶಾಲೆಯ ಹುಡುಗರು 1845ರಲ್ಲಿ ಮೊದಲ ಸಲ ನಿಯಮ ಬರೆದಿಟ್ಟಾಗಲೇ, ತಕರಾರು ಬಂದರೆ ಎರಡೂ ಕಡೆಯ ಮುಖ್ಯಸ್ಥರೇ ತೀರ್ಮಾನ ಮಾಡಬೇಕು ಅಂತ ಬರೆದಿದ್ದರು. ಆಗ ರೆಫ್ರಿ ಅನ್ನುವವರೇ ಇರಲಿಲ್ಲ.

ಪಂದ್ಯ ಮುಗಿದ ಮೇಲೆ ಒಂದು ತಂಡದವರು ಎದುರುಬದುರು ಎರಡು ಸಾಲು ನಿಂತು, ಇನ್ನೊಂದು ತಂಡದವರನ್ನು ನಡುವೆ ಬಿಟ್ಟು ಚಪ್ಪಾಳೆ ತಟ್ಟುತ್ತಾರೆ. ನಮ್ಮಪ್ಪ ಹುಡುಗರಾಗಿದ್ದಾಗ ದಾವಣಗೆರೆಯ ಗರಡಿಮನೆಗೆ ಹೋಗುತ್ತಿದ್ದವರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದಲ್ಲ, ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಅವರು ಇಂಗ್ಲೆಂಡಿಗೆ ಬಂದಾಗ ಮೊಮ್ಮಗನ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆವು. ಶಾಲು ಹೊದ್ದು ಕುರ್ಚಿಯಲ್ಲಿ ಕೂತು ಪೂರ್ತಿ ಆಟ ಒಂದೂ ಮಾತಾಡಲಿಲ್ಲ. ಹಿಡಿಯುವುದು, ಕೆಡವುವುದು ಯಾವುದಕ್ಕೂ ಗಾಬರಿ ಆಗಲಿಲ್ಲ. ಕೊನೆಗೆ ಮಕ್ಕಳು ಕೈ ಕುಲುಕಲು ಸಾಲು ನಿಂತಾಗ, "ಕೈ ಕೊಟ್ಟು ಹೋಗ್ತಾವಲ್ಲ ಹುಡುಗ್ರು, ಹಂಗಾರೆ ಚಿಂತಿಲ್ಲ ಬಿಡು" ಅಂದರು. ಆಮೇಲೆ ಕೇಳಿದರು, "ಆ ಕಡೆ ಕೂಗಾಡ್ತಿದ್ನಲ್ಲ, ಅವನ್ಯಾರು? ಅವನಿಗೆ ಯಾರು ಕಲಿಸಿಲ್ವಾ?"

ಅಪ್ಪ ಕೇಳಿದ್ದು ಎದುರು ತಂಡದ ಒಬ್ಬ ತಂದೆಯ ಬಗ್ಗೆ. ಆ ದಿನ ರೆಫ್ರಿ ಆಗಿದ್ದವನು ಕ್ಲಬ್ಬಿನದೇ ಹದಿನೈದು ಹದಿನಾರರ ಹುಡುಗ. ಚಿಕ್ಕವರ ಆಟಕ್ಕೆ ಎಷ್ಟೋ ಸಲ ಅಂಥವರೇ ಇರುತ್ತಾರೆ, ಇಲ್ಲಾ ಯಾರದೋ ಅಪ್ಪ ಅಮ್ಮ ಸೀಟಿ ಹಿಡಿದಿರುತ್ತಾರೆ. ಈ ಮನುಷ್ಯ ಮೊದಲಿನಿಂದ ಕೊನೆ ತನಕ ಆ ಹುಡುಗನ ಮೇಲೆ ಹರಿಹಾಯುತ್ತಿದ್ದ. ಅರ್ಧ ಆಟ ಮುಗಿಯುವಷ್ಟರಲ್ಲಿ ಆತನ ಮಗನೂ ಪ್ರತಿ ಸೀಟಿಗೆ ಎರಡೂ ಕೈ ಅಗಲಿಸಿ ರೆಫ್ರಿ ಕಡೆ ನೋಡಲು ಶುರು ಮಾಡಿದ. ಅವನಪ್ಪ ಹೇಗೆ ಕೈ ಅಗಲಿಸುತ್ತಿದ್ದನೋ ಥೇಟ್ ಹಾಗೇ. ರಗ್ಬಿ ತಾನಾಗೇ ಶಿಸ್ತು ಕಲಿಸುತ್ತದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ನಿಯಮ ಒಳ್ಳೆಯದೇ ಇದೆ. ಆದರೆ ಮಕ್ಕಳು ನಿಯಮದ ಪುಸ್ತಕ ನೋಡಿ ಬೆಳೆಯಲ್ಲ, ಗೆರೆ ಆಚೆ ನಿಂತ ದೊಡ್ಡವರನ್ನು ನೋಡಿ ಬೆಳೆಯುತ್ತಾರೆ.

"ರಗ್ಬಿ ಸಭ್ಯರ ಆಟ" ಅನ್ನುವ ಮಾತನ್ನು ಗುಂಪಿನಲ್ಲಿ ತುಂಬ ಜನ ಬರೆದಿದ್ದೀರಿ. ಕಲ್ಕತ್ತಾ ಕಪ್ ಕಥೆ ಗೊತ್ತಾ? 1878ರಲ್ಲಿ ಕಲ್ಕತ್ತೆಯ ರಗ್ಬಿ ಕ್ಲಬ್ ಮುಚ್ಚಿದಾಗ, ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಕಪ್ಪು ಅದು. ಹಿಡಿಗಳಿಗೆ ನಾಗರಹಾವು, ಮುಚ್ಚಳದ ಮೇಲೆ ಆನೆ. ಇವತ್ತಿಗೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದಕ್ಕೇ ಆಡುತ್ತವೆ. ನಮ್ಮ ಮಕ್ಕಳಿಗೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ಅದೇ ಕಪ್ಪನ್ನು 1988ರಲ್ಲಿ ಪಂದ್ಯ ಮುಗಿದ ರಾತ್ರಿ ಆಟಗಾರರು ಕುಡಿದು ಎಡಿನ್‌ಬರೋ ಬೀದಿಗೆ ತಂದು ಜಜ್ಜಿಹಾಕಿದರು. ನಿಷೇಧವೂ ಆಯಿತು. ಇನ್ನೊಂದು 2009ರದ್ದು. ಲಂಡನ್ನಿನ ಹಾರ್ಲೆಕ್ವಿನ್ಸ್ ತಂಡದ ಆಟಗಾರ ಬಾಯಲ್ಲಿ ನಕಲಿ ರಕ್ತದ ಗುಳಿಗೆ ಕಚ್ಚಿ, ಗಾಯ ಆದವನ ಹಾಗೆ ಹೊರಬಂದ. ಅವನ ಜಾಗಕ್ಕೆ ಗೋಲಿಗೆ ಒದೆಯುವವನನ್ನು ವಾಪಸ್ ಇಳಿಸಲು ಮಾಡಿದ ಉಪಾಯ. ವಿಚಾರಣೆ ನಡೆದು ಕೋಚ್‌ಗೆ 3 ವರ್ಷ ನಿಷೇಧ. ಆಟಗಾರನಿಗೆ ಮೊದಲು 12 ತಿಂಗಳು, ನಡೆದದ್ದನ್ನು ನಿಜ ಹೇಳಿದ ಮೇಲೆ 4 ತಿಂಗಳಿಗೆ ಇಳಿಸಿದರು. ಬೆಳೆದ ಗಂಡಸೇ ಕೋಚ್ ಮಾತು ಮೀರಲಾಗದೆ ಸುಳ್ಳು ರಕ್ತ ಕಚ್ಚಿದ. ಎಂಟು ವರ್ಷದ ಮಗು ಕೋಚ್ ಹೇಳಿದ್ದನ್ನು ಕೇಳದೆ ಇರುತ್ತಾ? 2023ರ ವಿಶ್ವಕಪ್ ಫೈನಲ್‌ಗೆ ರೆಫ್ರಿ ಆಗಿದ್ದ ವೇಯ್ನ್ ಬಾರ್ನ್ಸ್ ಅವರಿಗೂ ಅವರ ಮನೆಯವರಿಗೂ ಕೊಲೆ ಬೆದರಿಕೆ ಬಂದಿತ್ತು. ಸಭ್ಯತೆ ಆಟದ ಹೆಸರಿಗೆ ಅಂಟಿಕೊಂಡು ಬರಲ್ಲ.

ನಮ್ಮವರಿಗೇ ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಯಾರಿಗೂ ಅರ್ಥ ಆಗಲ್ಲ ಅಂತ ಕನ್ನಡದಲ್ಲಿ "ಬೀಳ್ಸೋ ಅವನ್ನ, ಬಿಡಬೇಡ" ಅಂತ ಕೂಗುವವರು ಇದ್ದಾರೆ. ಬೇರೆಯವರಿಗೆ ಅರ್ಥ ಆಗಲ್ಲ, ನಿಜ. ಯಾರಿಗೆ ಅರ್ಥ ಆಗಬಾರದಿತ್ತೋ ಆ ಮಗುವಿಗೆ ಮಾತ್ರ ಪೂರ್ತಿ ಅರ್ಥ ಆಗುತ್ತದೆ. ಮನೆಯಲ್ಲಿ ಅಜ್ಜಿ ಜೊತೆ ಮಾತಾಡುವ ಭಾಷೆ ಅದು, ಅದರಲ್ಲೇ ಹೊಡಿ ಅಂತ ಕೇಳಿಸಬಾರದು. ಕನ್ನಡದಲ್ಲಿ ಕೂಗಿ, ಧಾರಾಳವಾಗಿ ಕೂಗಿ. "ಭೇಷ್" ಅನ್ನಿ. ಎದುರು ತಂಡದ ಮಗು ಚೆನ್ನಾಗಿ ಓಡಿದರೂ ಅನ್ನಿ. ಕಾರಿನಲ್ಲಿ ಮನೆಗೆ ಬರುವಾಗ ದಯವಿಟ್ಟು ಪಂದ್ಯದ ಪರೀಕ್ಷೆ ಮಾಡಬೇಡಿ. ಹಸಿವಾಗಿರುತ್ತೆ, ಸುಸ್ತಾಗಿರುತ್ತೆ, ಸುಮ್ನೆ ಊಟ ಕೊಡಿ.

ಫಸ್ಟ್ ಏಡ್ ಕಡೆಯಿಂದ ಒಂದು ವಿಷಯ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಮಗುವನ್ನು ತಕ್ಷಣ ಹೊರಗೆ ಕೂರಿಸುತ್ತೇವೆ, ಆ ದಿನ ವಾಪಸ್ ಬಿಡುವುದಿಲ್ಲ. ಕನ್ಕಷನ್, ಅಂದರೆ ಪೆಟ್ಟಿನಿಂದ ಮೆದುಳಿಗೆ ಆಘಾತ, ಆದರೆ ಇಂಗ್ಲೆಂಡಿನ ಕ್ಲಬ್ ಆಟದಲ್ಲಿ ಕಡಿಮೆ ಅಂದರೂ 21 ದಿನ ಪಂದ್ಯ ಇಲ್ಲ. ಮುಂದಿನ ಭಾನುವಾರ ಟೂರ್ನಮೆಂಟ್ ಇದೆ ಅಂತ ತಲೆನೋವನ್ನು ಮುಚ್ಚಿಡುವ ಅಪ್ಪ ಅಮ್ಮಂದಿರನ್ನು ನಾನು ನೋಡಿದ್ದೇನೆ. ಮಗುವಿನ ಕೈಯಲ್ಲೇ "ಏನೂ ಇಲ್ಲ" ಅಂತ ಹೇಳಿಸುತ್ತಾರೆ. ಆ ಮಗುವಿಗೆ ಅಪಾಯ ಅನ್ನುವುದು ಒಂದು. ಆಟಕ್ಕೋಸ್ಕರ ಸುಳ್ಳು ಹೇಳಬಹುದು ಅಂತ ಅಪ್ಪ ಅಮ್ಮನೇ ಕಲಿಸಿದ ಹಾಗಾಯಿತು, ಅದು ಇನ್ನೊಂದು. ಆ ಗುಳಿಗೆ ಕಥೆಗೂ ಇದಕ್ಕೂ ನನಗೆ ಜಾಸ್ತಿ ವ್ಯತ್ಯಾಸ ಕಾಣಲ್ಲ.

ನಮ್ಮ ಮಕ್ಕಳು ಸಣ್ಣ ಮೈಯವರು, ಬೆಂಚಿನಲ್ಲೇ ಕೂರಿಸಿಬಿಡ್ತಾರೆ ಅಂತ ಹರಿಹರದ ಅಣ್ಣ ಬರೆದಿದ್ದರು. ಅಣ್ಣ, ಇಂಗ್ಲೆಂಡಿನಲ್ಲಿ ಪಂದ್ಯಕ್ಕೆ ಆರಿಸಿದ ಪ್ರತಿ ಮಗುವಿಗೂ ಅರ್ಧ ಹೊತ್ತಾದರೂ ಆಡಲು ಕೊಡಬೇಕು ಅನ್ನುವ ನಿಯಮವೇ ಇದೆ. ಕೊಡದಿದ್ದರೆ ಮರ್ಯಾದೆಯಿಂದ ಕೇಳಿ, ಅದು ಜಗಳ ಅಲ್ಲ. ಬಣ್ಣ, ಹೆಸರು, ತಿನ್ನುವ ಊಟ ಹಿಡಿದು ಯಾರಾದರೂ ಆಡಿಕೊಂಡರೆ ಮಾತ್ರ ಸುಮ್ಮನಿರಬೇಡಿ. ಮೈದಾನದಲ್ಲಿ ಎದುರು ವಾದ ಮಾಡುವುದೂ ಬೇಡ. ಪ್ರತಿ ಕ್ಲಬ್ಬಿನಲ್ಲೂ ಮಕ್ಕಳ ಸುರಕ್ಷತೆ ನೋಡಿಕೊಳ್ಳಲು ಸೇಫ್‌ಗಾರ್ಡಿಂಗ್ ಆಫೀಸರ್ ಇರುತ್ತಾರೆ. ಅದೇ ದಿನ ಅವರಿಗೆ ಬರೆದು ಕಳಿಸಿ. "ಹೋಗ್ಲಿ ಬಿಡು, ನಾವು ಹೊರಗಿನವರು" ಅಂತ ನಾವು ಅಂದರೆ ಮಗುವೂ ಹಾಗೇ ಅಂದುಕೊಳ್ಳುತ್ತದೆ.

ಊಟದ ಬಗ್ಗೆ ಕೇಳಿದ್ದಿರಿ. ಪಂದ್ಯ ಆದ ಮೇಲೆ ಎರಡೂ ತಂಡದ ಮಕ್ಕಳು ಕ್ಲಬ್‌ಹೌಸಿನಲ್ಲಿ ಒಟ್ಟಿಗೆ ತಿನ್ನುತ್ತಾರೆ, ಅದನ್ನು ತಪ್ಪಿಸಬೇಡಿ. ಸಾಮಾನ್ಯವಾಗಿ ಸಾಸೇಜ್, ಬರ್ಗರ್ ಇರುತ್ತದೆ. ನಮ್ಮದು ಸಸ್ಯಾಹಾರ ಅಂತ ಟೀಮ್ ಮ್ಯಾನೇಜರಿಗೆ ಮೊದಲೇ ತಿಳಿಸಿದರೆ ಚಿಪ್ಸೋ ಚೀಸ್ ರೋಲೋ ಎತ್ತಿಡುತ್ತಾರೆ. ನಮ್ಮ ಮನೆಯವರು ಒಮ್ಮೆ ಒಗ್ಗರಣೆ ಮಂಡಕ್ಕಿ ದೊಡ್ಡ ಡಬ್ಬಿಯಲ್ಲಿ ತಂದಿಟ್ಟಿದ್ದರು. ಎದುರು ತಂಡದ ಮಕ್ಕಳೇ ಖಾಲಿ ಮಾಡಿದರು.

ಅಕ್ಕ, ಸೀಸನ್ ಸೆಪ್ಟೆಂಬರಿನಲ್ಲಿ ಶುರು. ಫಾರಂ ತುಂಬುವ ಮುಂಚೆ ಹತ್ತಿರದ ಎರಡು ಕ್ಲಬ್ಬಿಗೆ ಭಾನುವಾರ ಬೆಳಿಗ್ಗೆ ಸುಮ್ನೆ ಹೋಗಿ ನಿಂತುಕೊಳ್ಳಿ. ಆಟ ನೋಡಬೇಡಿ. ಮಗು ಚೆಂಡು ಕೈಬಿಟ್ಟಾಗ ಕೋಚ್ ಏನು ಹೇಳುತ್ತಾರೆ, ರೆಫ್ರಿ ತಪ್ಪು ಸೀಟಿ ಊದಿದಾಗ ಅಪ್ಪ ಅಮ್ಮಂದಿರು ಏನು ಮಾಡುತ್ತಾರೆ, ಅದನ್ನು ನೋಡಿ. ಯಾವುದು ನೆಮ್ಮದಿ ಅನ್ನಿಸುತ್ತದೋ ಅಲ್ಲಿಗೆ ಸೇರಿಸಿ. ಅತ್ತೆ ಮಾವನಿಗೆ ದೊಡ್ಡವರ ವಿಡಿಯೋ ಬದಲು ಮಕ್ಕಳ ಟ್ರೇನಿಂಗ್ ಹೇಗಿರುತ್ತದೆ ಅಂತ ವಿಡಿಯೋ ಕಾಲ್‌ನಲ್ಲಿ ತೋರಿಸಿ. ಬೇರೆ ಮಕ್ಕಳ ಮುಖ ಬರದ ಹಾಗೆ ನೋಡಿಕೊಳ್ಳಿ, ಕ್ಲಬ್ಬಿನವರನ್ನು ಕೇಳಿಯೇ ಮಾಡಿ. ಮೌತ್‌ಗಾರ್ಡ್ ಹಲ್ಲಿನ ಅಳತೆಗೆ ಸರಿಯಾಗಿ ಕೂರುವಂಥದ್ದು ತೊಗೊಳ್ಳಿ, ಬೂಟು ಮಾತ್ರ ಕ್ಲಬ್ಬಿನಲ್ಲಿ ಯಾರಾದರೂ ಹಳೆಯದು ಕೊಡುತ್ತಾರಾ ಅಂತ ಮೊದಲು ವಿಚಾರಿಸಿ. ವರ್ಷದಲ್ಲೇ ಕಾಲು ಬೆಳೆದುಬಿಡುತ್ತದೆ.