ಮಾಜಿ ಸೈನಿಕರ ಶ್ರವಣ ತಪಾಸಣೆಗೆ ಬಿಎಎಸ್‌ಎಲ್‌ಪಿ ಒಂದೇ ಸಾಕೇನ್ರಿ?

ಪ್ರಶ್ನೆ, ಬೆಳಗಾವಿ:
ಬಿಎಎಸ್‌ಎಲ್‌ಪಿ (ಶ್ರವಣ, ಮಾತಿನ ತೊಂದರೆ ಕುರಿತ ಡಿಗ್ರಿ) ಇಂಟರ್ನ್‌ಶಿಪ್ ನಡದೈತ್ರಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಮಾನ್ಯತೆ ಇರೋ ಆಸ್ಪತ್ರೆಯೊಳಗ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಆಗಾಕ ಡಿಗ್ರಿ ಸಾಕೋ, ಲೈಸನ್ಸ್ ಬೇಕೋ?

ಉತ್ತರ, ಬಾಗಲಕೋಟೆ:
ಡಿಗ್ರಿ ಅಷ್ಟ ಸಾಲಂಗಿಲ್ರಿ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಪ್ರಕಾರ ಆ ಪರಿಷತ್ತಿನ (ಆರ್‌ಸಿಐ) ಕೇಂದ್ರ ರಿಜಿಸ್ಟರ್‌ನಾಗ ಹೆಸರು ಇರಬೇಕು, ಅದರ ನೋಂದಣಿ ಸಂಖ್ಯೆ, ಅಂದ್ರ ಸಿಆರ್‌ಆರ್ ನಂಬರ್ ಕೈಯಾಗ ಇರಬೇಕು. ನೋಂದಣಿ ಇಲ್ಲದ ಕೆಲಸ ಮಾಡಿದ್ರ ಒಂದು ವರ್ಷದ ತನಕ ಜೈಲು, ಇಲ್ಲಾ 1000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಬಂದ ಮ್ಯಾಲೇ ಅರ್ಜಿ ಹಾಕ್ರಿ. ಅಂಕಪಟ್ಟಿ, ಡಿಗ್ರಿ, ಆಧಾರ್ ಮೂರರಾಗೂ ಹೆಸರು ಒಂದೇ ನಮೂನಿ ಇರಲಿ. ನಮ್ಮ ಕಡೆ ತಂದಿ ಹೆಸರು, ಅಡ್ಡಹೆಸರು ಹಿಂದಮುಂದ ಆಗಿರ್ತಾವ, ಅಲ್ಲೇ ತೊಡಕು. ಮೊದಲ ಅದನ್ನ ಸರಿಮಾಡಿಸ್ರಿ.

ಉತ್ತರ, ವಿಜಯಪುರ:
ಒಂದು ವರ್ಷದ ಡಿಎಚ್‌ಎಲ್‌ಎಸ್ (ಶ್ರವಣ, ಭಾಷೆ, ಮಾತು) ಡಿಪ್ಲೊಮಾ ಸಹಾಯಕರ ಹುದ್ದೆಗೆ ಅದರಿ, ಸ್ವತಂತ್ರ ರೋಗನಿರ್ಣಯಕ್ಕಲ್ಲ.

ಇನ್ನ ತಪಾಸಣೆ. ಗುಂಡಿನ ಸಪ್ಪಳಕ್ಕ ಕೆಟ್ಟ ಕಿವಿಯ ಆಡಿಯೋಗ್ರಾಂದಾಗ (ಎಷ್ಟು ಕೇಳ್ತದ ಅಂತ ತೋರಿಸೋ ನಕ್ಷೆ) ಸಾಮಾನ್ಯವಾಗಿ 4000 ಹರ್ಟ್ಸ್ ಹತ್ರ ತಗ್ಗು ಬೀಳ್ತದ, 8000ಕ್ಕ ಗೆರಿ ಮತ್ತ ಮ್ಯಾಲ ಏರ್ತದ. ಅದಕ್ಕ 3000, 6000 ಹರ್ಟ್ಸ್‌ನಾಗೂ ತಪಾಸಣೆ ಮಾಡೂದು ಬಿಡಬ್ಯಾಡ್ರಿ. ವಯಸ್ಸಾದವರಿಗೆ 8000ನೂ ಇಳದು ಆ ತಗ್ಗು ಮುಚ್ಚಿಹೋಗ್ತದ, ಹಂಗಾಗಿ ಸೇವೆಯ ವಿವರ ಕೇಳಿ ಬರಕೋರಿ. ಆಡಿಯೋಮೀಟರ್ (ಶ್ರವಣ ಅಳೆಯೋ ಯಂತ್ರ) ಕ್ಯಾಲಿಬ್ರೇಷನ್, ಅಂದ್ರ ಅಳತಿ ಸರಿ ಅದನೋ ಇಲ್ಲೋ ಅನ್ನೋ ಪರೀಕ್ಷೆ, ವರ್ಷಕ್ಕೊಮ್ಮೆ ಮಾಡಸ್ರಿ, ಸರ್ಟಿಫಿಕೇಟ್ ಫೈಲಿನಾಗ ಇಡ್ರಿ.