ಸೆರಗಿನ ಮೇಲೆ ಬಿದ್ದ ಹಸಿರು ಫ್ಲೇರ್: ಗೆರೆಗಳು ಅಳಿಯದಂತೆ ತೆಗೆಯುವುದು ಹೇಗೆ?

ಪ್ರಶ್ನೆ:

ಕಳೆದ ವಾರ ಸಂಜೆ ಬೇಕಲ ಕೋಟೆಯಲ್ಲಿ ಅಮ್ಮನ ಫೋಟೊ ತೆಗೆದಿದ್ದೆ. ಸೂರ್ಯ ಕಡಲಿಗಿಳಿಯುವ ಮೊದಲು ಚೌಕಟ್ಟಿನ ಬಲ ಮೇಲ್ತುದಿಯಲ್ಲಿದ್ದ. ಅಮ್ಮ ಎಡಬದಿಯಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಅವರು ಉಟ್ಟದ್ದು ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆ, ಸೆರಗಿನ ತುಂಬ ಒತ್ತೊತ್ತಾದ ತೆಳು ಗೆರೆಗಳು. ಆ ಸೆರಗಿನ ಮೇಲೆಯೇ ಆರು ಮೂಲೆಗಳ ಹಸಿರು ಮಚ್ಚೆಯೊಂದು, ಅಂದರೆ ಫ್ಲೇರ್, ಬಿದ್ದಿದೆ. ಚಿತ್ರ ತಿದ್ದುವ ತಂತ್ರಾಂಶ ಗಿಂಪ್ 2.10ರ ಹೀಲ್ (ಕಲೆ ಅಳಿಸುವ) ಉಪಕರಣದಿಂದ ಉಜ್ಜಿದರೆ ಹಸಿರು ಹೋಗುತ್ತದೆ, ಜೊತೆಗೆ ಗೆರೆಗಳೂ ಕದಡಿ, ಬಟ್ಟೆ ನೀರಿನಲ್ಲಿ ನೆನೆದಂತೆ ಕಾಣುತ್ತದೆ. ಅಮ್ಮನಿಗೆ ಇಷ್ಟವಾದ ಚಿತ್ರವಾದುದರಿಂದ ದೊಡ್ಡದಾಗಿ ಮುದ್ರಿಸಿ ಕೊಡಬೇಕೆಂದಿದ್ದೇನೆ. ರಾ ಫೈಲ್ (ಕ್ಯಾಮೆರಾ ದಾಖಲಿಸಿದ ಮೂಲ ಕಡತ) ನನ್ನಲ್ಲಿದೆ. ದಾರಿಯುಂಟೆ?

ಉತ್ತರ:

ಖಂಡಿತ ಉಂಟು, ಆದರೆ ಹೀಲ್‌ನಿಂದ ಆರಂಭಿಸಬೇಡಿ. ಆ ಮಚ್ಚೆ ಸೆರಗನ್ನು ಮುಚ್ಚಿಲ್ಲ. ಸೆರಗಿನಿಂದ ಬಂದ ಬೆಳಕಿನ ಮೇಲೆ ಇನ್ನಷ್ಟು ಬೆಳಕು ಸೇರಿಕೊಂಡಿದೆ, ಅಷ್ಟೇ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 4 ಶೇಕಡಾವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಲೇಪನ ಅದನ್ನು 1 ಶೇಕಡಾಕ್ಕಿಂತ ಕೆಳಗಿಳಿಸಿದರೂ ಸೂರ್ಯನಂಥ ಪ್ರಖರ ದೀಪದೆದುರು ಆ ಉಳಿಕೆಯೇ ಲೆನ್ಸಿನೊಳಗೆ ಪುಟಿದು, ಅಪರ್ಚರಿನ (ಲೆನ್ಸಿನಲ್ಲಿ ಬೆಳಕು ಹಾಯುವ ಕಂಡಿಯ) ಆಕಾರ ಪಡೆದು, ಚಿತ್ರದ ನಡುಬಿಂದುವಿನ ಆಚೆ, ಸೂರ್ಯನಿಗೆ ಎದುರಾಗಿ ಬೀಳುತ್ತದೆ. ಆರು ಮೂಲೆಗಳಿವೆಯೆಂದರೆ ನಿಮ್ಮ ಲೆನ್ಸಿನ ಅಪರ್ಚರಿಗೆ ಆರು ಅಲಗುಗಳಿರಬೇಕು. ಹಾಗಾಗಿ ಗೆರೆಗಳು ಕೆಳಗೆ ಹಾಗೆಯೇ ಇವೆ, ಸೇರಿದ ಬೆಳಕನ್ನು ಕಳೆಯಬೇಕು.

ರಾ ಫೈಲನ್ನು 16 ಬಿಟ್ ಟಿಫ್ ಆಗಿ ತೆರೆದು, ಗಿಂಪಿನಲ್ಲಿ ನಿಖರತೆಯನ್ನು 32 ಬಿಟ್, ಲೀನಿಯರ್ ಲೈಟ್‌ಗೆ ಬದಲಿಸಿ. ಲೀನಿಯರ್ ಏಕೆಂದರೆ, ಸೇರಿದ ಬೆಳಕು ಕಪ್ಪು ನೂಲಿನ ಮೇಲೂ ಬಿಳಿ ನೂಲಿನ ಮೇಲೂ ಒಂದೇ ಪ್ರಮಾಣದಲ್ಲಿರುವುದು ಆ ಲೆಕ್ಕದಲ್ಲಿ ಮಾತ್ರ. ಬಳಿಕ ಖಾಲಿ ಲೇಯರ್ ಸೇರಿಸಿ ಅದರ ಮೋಡನ್ನು, ಕೆಳಗಿನ ಚಿತ್ರದಿಂದ ಬಣ್ಣ ಕಳೆಯುವ ಸಬ್‌ಟ್ರಾಕ್ಟ್ ಮಾಡಿ, ಫ್ರೀ ಸೆಲೆಕ್ಟಿನಿಂದ ಮಚ್ಚೆಯ ಆರು ಮೂಲೆಗಳನ್ನು ಒಂದೊಂದಾಗಿ ಒತ್ತುತ್ತ ಸುತ್ತುಹಾಕಿ, ಅಂಚನ್ನು ಮೂರು ನಾಲ್ಕು ಪಿಕ್ಸೆಲಿನಷ್ಟು ಮೃದುಗೊಳಿಸಿ, ಗಾಢ ಹಸಿರು ತುಂಬಿ. ಒಂದೇ ಗೆರೆಯನ್ನು ಮಚ್ಚೆಯ ಒಳಗೂ ಹೊರಗೂ ನೋಡುತ್ತ, ಎರಡೂ ಕಡೆ ಬಣ್ಣ ಹೊಂದುವವರೆಗೆ ಆ ಲೇಯರಿನ ಗಾಢತೆಯನ್ನು (ಒಪಾಸಿಟಿ) ಇಳಿಸಿ. ಒಳಗೆ ನೇರಳೆ ಛಾಯೆ ಮೂಡಿದರೆ ಹಸಿರನ್ನು ಹೆಚ್ಚು ಕಳೆದಿರುವಿರೆಂದು ತಿಳಿಯಿರಿ.

ಇಷ್ಟಾದ ಮೇಲೆ ಉಳಿಯುವುದು ಮಚ್ಚೆಯ ಅಂಚಿನ ಸಣ್ಣ ಕಲೆ ಮಾತ್ರ. ಅದಕ್ಕೆ ಒಂದೆಡೆಯದನ್ನು ಇನ್ನೊಂದೆಡೆಗೆ ನಕಲಿಸುವ ಕ್ಲೋನ್ ಸಾಕು: ಬೇರೆ ಲೇಯರಿನಲ್ಲಿ, ಸ್ಯಾಂಪಲ್ ಮರ್ಜ್ಡ್ (ಎಲ್ಲ ಲೇಯರುಗಳಿಂದ ಒಟ್ಟಾಗಿ ಮಾದರಿ ಎತ್ತುವ) ಆಯ್ಕೆಯಿಟ್ಟು, ಅದೇ ಗೆರೆಯ ಮುಂದಿನ ಭಾಗದಿಂದ ಎತ್ತಿ ಗೆರೆಯ ಗುಂಟವೇ ಎಳೆಯಿರಿ. ಸೀರೆ ಗೋಡೆಗೆ ತಾಗುವಲ್ಲಿ ಹೀಲ್ ಬೇಡ. ಅದು ಅಕ್ಕಪಕ್ಕದ ಬಣ್ಣವನ್ನು ಬೆರೆಸುವುದರಿಂದ ಕಲ್ಲಿನ ಕೆಂಪು ಸೆರಗಿಗೆ ಹರಡುತ್ತದೆ.

ಗೋಡೆಯ ಮೇಲಿನ ಮಚ್ಚೆಗಳಿಗಾದರೆ ಹೀಲ್ ಒಳ್ಳೆಯದೇ. ಕೆಳದಿಯ ಶಿವಪ್ಪನಾಯಕನ ಕಾಲದ ಆ ಗೋಡೆ ಮುರಕಲ್ಲಿನದು, ಮೈತುಂಬ ತೂತುಗಳು. ಎರಡು ಬಾರಿಗೊಮ್ಮೆ ಮಾದರಿ ಎತ್ತುವ ಜಾಗವನ್ನು ಬದಲಿಸದಿದ್ದರೆ ಒಂದೇ ತೂತು ಸಾಲಾಗಿ ಕಾಣಿಸಿಕೊಂಡು ತಿದ್ದುಪಡಿ ಬಯಲಾಗುತ್ತದೆ. ಸೂರ್ಯನ ಸುತ್ತಲಿನ ಹೊಳಪನ್ನು ಮಾತ್ರ ಮುಟ್ಟಬೇಡಿ, ಆ ಹೊತ್ತಿನ ಬೆಳಕು ಅಲ್ಲಿರುವುದು.

ಪ್ರಶ್ನೆ ಕೇಳಿದವರು:

ಮಾಡಿ ನೋಡಿದೆ. ಗೆರೆಗಳು ಒಂದೊಂದಾಗಿ ಮರಳಿ ಬಂದುದನ್ನು ಕಂಡು ಬಹಳ ಸಂತೋಷವಾಯಿತು. ಆದರೆ ಸೆರಗಿನ ಕಸೂತಿಯಂಚು ಮಿನುಗುವ ಒಂದು ಕಡೆ, ಎಷ್ಟು ಕಳೆದರೂ ಬೂದು ಚುಕ್ಕೆಯೇ ಉಳಿಯುತ್ತದೆ.

ಉತ್ತರ:

ಅಲ್ಲಿ ಬೆಳಕು ಸೆನ್ಸರಿನ ಮಿತಿಯನ್ನೇ ಮೀರಿದೆ, ಕೆಳಗೆ ವಿವರವೇ ದಾಖಲಾಗಿಲ್ಲ. ಅಂಚಿನ ಇನ್ನೊಂದು ಭಾಗವನ್ನು ನಕಲಿಸಿ, ಮಡಿಕೆಯ ಓರೆಗೆ ತಕ್ಕಂತೆ ತಿರುಗಿಸಿ ಕೂರಿಸುವುದೊಂದೇ ದಾರಿ. ಮುಂದಿನ ಸಲ ಟ್ರೈಪಾಡಿನ ಮೇಲೆ ಎರಡು ಚಿತ್ರ ತೆಗೆಯಿರಿ. ಎರಡನೆಯದರಲ್ಲಿ ಲೆನ್ಸಿನ ಮುಂದೆ ಹೆಬ್ಬೆರಳು ಹಿಡಿದು ಸೂರ್ಯನನ್ನಷ್ಟೇ ಮರೆಮಾಡಿದರೆ ಮಚ್ಚೆ ಬೀಳುವುದಿಲ್ಲ, ಆ ಭಾಗವನ್ನು ಮಾಸ್ಕ್ ಮಾಡಿ ಜೋಡಿಸಬಹುದು. ಕಡಲಗಾಳಿಯ ಉಪ್ಪು ಗಾಜಿನ ಮೇಲೆ ಕುಳಿತರೂ ಬೆಳಕು ಚದುರಿ ಚಿತ್ರವಿಡೀ ಮಸುಕಾಗುತ್ತದೆ, ತೆಗೆಯುವ ಮುನ್ನ ಒಮ್ಮೆ ಒರೆಸಿಕೊಳ್ಳಿ.