ಶಾಲೆ ಮುಗಿಸಿ ನೇರವಾಗಿ ಆರೈಕೆ ಕೆಲಸಕ್ಕೆ ಸೇರಬಹುದಾ?

ಪ್ರಶ್ನೆ:
ನನ್ನ ತಂಗಿ ಈ ವರ್ಷ ಶಾಲೆ ಮುಗಿಸುತ್ತಾಳೆ. ಅಜ್ಜಿ ಹಾಸಿಗೆ ಹಿಡಿದಾಗ ಜಾಸ್ತಿ ನೋಡಿಕೊಂಡಿದ್ದು ಅವಳೇ, ಆಗಿನಿಂದ ಇದೇ ಕೆಲಸ ಮಾಡಬೇಕು ಅಂತಿದ್ದಾಳೆ. ಡಾಕ್ಟರ್, ನರ್ಸ್ ಬಿಟ್ಟು ಬೇರೆ ದಾರಿ ಇದೆಯಾ? ಅಂಕ ಸಾಧಾರಣ.

ಉತ್ತರ 1:
ಖಂಡಿತ ಇದೆ. ಮನೆ ಆರೈಕೆ, ವೃದ್ಧಾಶ್ರಮ, ಲ್ಯಾಬ್, ಸಮುದಾಯ ಆರೋಗ್ಯ ಕೆಲಸ. ನಾನು ಆರೈಕೆ ಸಹಾಯಕಿಯಾಗಿ ಶುರು ಮಾಡಿದೆ. ಮೊದಲು ಕಲಿತದ್ದು ಕೈ ತೊಳೆಯುವುದು. ಸುಮ್ನೆ ನೀರು ಸೋಕಿಸುವುದಲ್ಲ, ಸೋಪು ಹಚ್ಚಿ, ಹೆಬ್ಬೆರಳು, ಬೆರಳ ಸಂದಿ, ಉಗುರಿನ ತುದಿ ಎಲ್ಲಾ ಉಜ್ಜಿ ಒಟ್ಟು 40ರಿಂದ 60 ಸೆಕೆಂಡ್. ಆಮೇಲೆ ಮಗ್ಗುಲು ಬದಲಿಸುವುದು. ತಾವಾಗಿ ಹೊರಳಲು ಆಗದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಹೊರಳಿಸುತ್ತೇವೆ, ಇಲ್ಲದಿದ್ದರೆ ಸೊಂಟ, ಹಿಮ್ಮಡಿಯ ಚರ್ಮ ಒತ್ತಿ ಕೆಂಪಾಗಿ ಹುಣ್ಣಾಗಬಹುದು. ನಿಮ್ಮ ತಂಗಿ ಇದನ್ನೆಲ್ಲ ಕಂಡಿರುತ್ತಾಳೆ, ಅಲ್ವಾ?

ಉತ್ತರ 2:
ಸೇರುವ ಮುಂಚೆ ಇಷ್ಟು ಕೇಳಿ: ಕೋರ್ಸಿಗೆ ಮಾನ್ಯತೆ ಇದೆಯಾ, ರೋಗಿಗಳ ಹತ್ತಿರ ಎಷ್ಟು ಗಂಟೆ ತರಬೇತಿ, ಮುಂದೆ ನರ್ಸಿಂಗ್ ಓದಲು ಆ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತಾ. ನಾನು ಕೇಳಲಿಲ್ಲ. ಒಂದು ವರ್ಷ ಬರೀ ಪುಸ್ತಕ ಓದಿದೆ, ಒಬ್ಬರ ಬಿಪಿ ಕೂಡ ನೋಡಲಿಲ್ಲ. ಈಗಲೂ ಬೇಜಾರಾಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ವಿಜ್ಞಾನ ಓದಿರಲೇಬೇಕಾ?

ಉತ್ತರ 3:
ಲ್ಯಾಬ್ ಕೆಲಸಕ್ಕಾದರೆ ಹೆಚ್ಚಾಗಿ ಬೇಕು. ಆರೈಕೆಗೆ ತಾಳ್ಮೆ, ಕಂಡದ್ದನ್ನು ಸರಿಯಾಗಿ ಬರೆದಿಡುವ ಅಭ್ಯಾಸ ಮುಖ್ಯ. ಇದನ್ನು ಚಿಕ್ಕ ಕೆಲಸ ಅನ್ನುವವರ ಮಾತಿಗೆ ಕಿವಿಗೊಡಬೇಡಿ, 1978ರಲ್ಲಿ ಪ್ರಾಥಮಿಕ ಆರೋಗ್ಯ ಸೇವೆ ಬಗ್ಗೆ ಹಲವು ದೇಶಗಳು ಸೇರಿ ಒಪ್ಪಿದ ಆಲ್ಮಾ ಆಟಾ ಘೋಷಣೆಯೇ ಸಮುದಾಯ ಕಾರ್ಯಕರ್ತರನ್ನು ಆರೋಗ್ಯ ತಂಡದಲ್ಲಿ ಸೇರಿಸಿದೆ. ಮೊದಲು ಕೆಲವು ದಿನ ಸ್ವಯಂಸೇವಕಿಯಾಗಿ ಹೋಗಿ ನೋಡಲಿ. ಪ್ರಥಮ ಚಿಕಿತ್ಸೆ ತರಬೇತಿ ಈಗಲೇ ಮಾಡಿಕೊಳ್ಳಬಹುದು.